ಶಾಲೆಯ ಇತಿಹಾಸದಲ್ಲಿ ಯುದ್ಧ, ಸಂಧಿ, ರಾಜ್ಯಾಡಳಿತ: ಷರತ್ತುಗಳ ಪಟ್ಟಿಯನ್ನು ದಾಟಿ ಕಲಿಸುವುದು ಹೇಗೆ?

ಪ್ರಶ್ನೆ: ಪ್ರೌಢಶಾಲಾ ಶಿಕ್ಷಕಿ, ಸಕಲೇಶಪುರ

ಎಲ್ಲರಿಗೂ ನಮಸ್ಕಾರ. ನಾನು ಸಕಲೇಶಪುರ ತಾಲ್ಲೂಕಿನ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ಹನ್ನೊಂದು ವರ್ಷಗಳಿಂದ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ಮೈಸೂರು ಯುದ್ಧಗಳ ಪಾಠ ಬಂದಾಗಲೆಲ್ಲ ನನ್ನದು ಒಂದೇ ಕ್ರಮ: ಯುದ್ಧದ ಕಾರಣಗಳು, ಯುದ್ಧದ ಗತಿ, ಒಪ್ಪಂದದ ಷರತ್ತುಗಳು, ಪರಿಣಾಮಗಳು. ಮಕ್ಕಳು ಬರೆದುಕೊಳ್ಳುತ್ತಾರೆ, ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಅಂಕವನ್ನೂ ಪಡೆಯುತ್ತಾರೆ.

ಕಳೆದ ತಿಂಗಳು, ಬ್ರಿಟಿಷರ ಈಸ್ಟ್ ಇಂಡಿಯಾ ಕಂಪನಿ ಮತ್ತು ಅದರ ಮಿತ್ರರಿಗೆ ಸೋತ ಟಿಪ್ಪು ಸುಲ್ತಾನನು ಮಾಡಿಕೊಂಡ 1792ರ ಶ್ರೀರಂಗಪಟ್ಟಣ ಒಪ್ಪಂದದ ಷರತ್ತುಗಳನ್ನು ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದಾಗ ಒಬ್ಬ ಹುಡುಗಿ ಎದ್ದು ನಿಂತು, "ಮಿಸ್, ಅರ್ಧ ರಾಜ್ಯ ಬಿಟ್ಟುಕೊಟ್ಟು ಅಷ್ಟೊಂದು ಹಣಕ್ಕೂ ಒಪ್ಪಿಕೊಂಡ ಮೇಲೆ ಮಕ್ಕಳನ್ನು ಯಾಕೆ ಒತ್ತೆ ಇಡಬೇಕಾಯಿತು?" ಎಂದು ಕೇಳಿದಳು. "ಷರತ್ತು ಹಾಗಿತ್ತು" ಎಂದು ಹೇಳಿ ನಾನು ಮುಂದಿನ ಸಾಲನ್ನು ಬರೆದೆ. ಆ ಉತ್ತರ ಕೊಟ್ಟಿದ್ದಕ್ಕೆ ನನಗೆ ಇಂದಿಗೂ ಬೇಸರವಿದೆ. ಅವಳು ಕೇಳಿದ್ದು ಪಾಠದ ಹೊರಗಿನ ಮಾತಲ್ಲ, ಪಾಠದ ತಿರುಳನ್ನೇ ಅವಳು ಕೇಳಿದ್ದಳು.

ಅದೇ ವಾರ ನಡೆದ ಪೋಷಕರ ಸಭೆಯಲ್ಲಿ ಒಬ್ಬ ತಂದೆ, ರಾಜರ ಕಾಳಗಗಳನ್ನು ಓದಿ ನಮ್ಮ ಮಕ್ಕಳಿಗೆ ಆಗಬೇಕಾದದ್ದೇನು, ಅದರ ಬದಲು ಸಂವಿಧಾನವನ್ನೂ ಜನಜೀವನವನ್ನೂ ಹೆಚ್ಚು ಕಲಿಸಬಾರದೇ ಎಂದು ಕೇಳಿದರು. ಅವರ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಾಗಲಿಲ್ಲ, ಪೂರ್ತಿ ಒಪ್ಪಲೂ ಆಗಲಿಲ್ಲ. ಯುದ್ಧ, ರಾಜತಂತ್ರ, ಆಡಳಿತ ಇವು ಮೂರನ್ನೂ ಬೇರೆ ಬೇರೆ ಪಾಠಗಳಾಗಿಯೇ ಉಳಿಸದೆ ಒಂದಕ್ಕೊಂದು ಹೊಂದಿಸಿ ಕಲಿಸುವ ಬಗೆ ಯಾವುದು? ನಮ್ಮ ಹಾಸನ, ಚಿಕ್ಕಮಗಳೂರು ಭಾಗದ ಸ್ಥಳಗಳನ್ನೂ ಶಾಸನಗಳನ್ನೂ ಇದಕ್ಕೆ ಬಳಸಿಕೊಂಡವರು ಯಾರಾದರೂ ಇದ್ದೀರಾ? ವಾರಕ್ಕೆ ಸಿಗುವ ಅವಧಿಗಳು ಕೆಲವೇ ಎಂಬುದನ್ನು ಗಮನದಲ್ಲಿಟ್ಟುಕೊಂಡು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1: ನಿವೃತ್ತ ಮುಖ್ಯೋಪಾಧ್ಯಾಯ, ಚಿಕ್ಕಮಗಳೂರು

ಮೇಡಂ, ಆ ಹುಡುಗಿಯ ಪ್ರಶ್ನೆಯಿಂದಲೇ ಪಾಠವನ್ನು ಮತ್ತೆ ಆರಂಭಿಸಿ. ಅದಕ್ಕೆ ಉತ್ತರ ಹೇಳಹೊರಟರೆ ಒಪ್ಪಂದವೆಂದರೇನು ಎಂಬುದು ತಾನಾಗಿಯೇ ತಿಳಿಯುತ್ತದೆ. ಟಿಪ್ಪು ಸುಲ್ತಾನನು ಕೊಡಬೇಕಾಗಿದ್ದ ಹಣ 3 ಕೋಟಿ 30 ಲಕ್ಷ ರೂಪಾಯಿ. ಅದರಲ್ಲಿ ಅರ್ಧವನ್ನು ಕೂಡಲೇ, ಉಳಿದರ್ಧವನ್ನು ಕಂತುಗಳಲ್ಲಿ ಕೊಡಬೇಕಿತ್ತು. ನಮ್ಮೂರಿನಲ್ಲಿ ಯಾರಾದರೂ ಸಾಲ ಮಾಡಿದರೆ ಜಾಮೀನು ಕೇಳುತ್ತಾರೆ, ಕಂತು ತಪ್ಪಿದರೆ ನ್ಯಾಯಾಲಯವಿದೆ. ಆದರೆ ಒಬ್ಬ ಅರಸನು ಕಂತು ತಪ್ಪಿಸಿದರೆ ಕಂಪನಿಯ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ದೂರು ಕೊಡಬೇಕಾದದ್ದು ಯಾವ ನ್ಯಾಯಾಲಯದಲ್ಲಿ? ಇಬ್ಬರ ಮೇಲೂ ಅಧಿಕಾರವಿರುವ ಮೂರನೆಯವನು ಇಲ್ಲದ ಕಡೆ ಮಾತಿಗೆ ಬೆಲೆ ತರುವುದಕ್ಕಾಗಿ ಅತ್ಯಂತ ಪ್ರಿಯವಾದುದನ್ನೇ ಜಾಮೀನಾಗಿ ಇಡಬೇಕಾಗುತ್ತಿತ್ತು. ಹಾಗೆ ಒತ್ತೆಯಿಟ್ಟ ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು ಮದ್ರಾಸಿಗೆ ಕರೆದೊಯ್ದು, ಒಪ್ಪಂದದ ಮಾತು ನಡೆದ ಮೇಲೆ 1794ರಲ್ಲಿ ಹಿಂದಿರುಗಿಸಿದರು. ಇಷ್ಟನ್ನು ಹೇಳಿದ ಮೇಲೆ ಮಕ್ಕಳು ಆ ಷರತ್ತನ್ನು ಬಾಯಿಪಾಠ ಮಾಡಬೇಕಾಗಿಯೇ ಬರುವುದಿಲ್ಲ.

ಎರಡನೆಯದಾಗಿ, ಆ ಒಪ್ಪಂದದ ನಂತರದ ನಕಾಶೆಯನ್ನು ಬಿಡಿಸಿ. ಮಲಬಾರ್ ಕಂಪನಿಗೆ ಹೋಯಿತು, ಕೊಡಗೂ ಕೈತಪ್ಪಿತು, ಮಂಗಳೂರು ಮಾತ್ರ ಟಿಪ್ಪುವಿನಲ್ಲೇ ಉಳಿಯಿತು. ಹೀಗಿರುವಾಗ ಶ್ರೀರಂಗಪಟ್ಟಣದಿಂದ ಕಡಲಿಗೆ ಇಳಿಯುವ ಘಟ್ಟದ ದಾರಿಗೆ ಬಂದ ಮಹತ್ವ ಎಷ್ಟೆಂದು ಮಕ್ಕಳನ್ನೇ ಕೇಳಿ. ಆಮೇಲೆ ನಿಮ್ಮೂರಿನ ಮಂಜರಾಬಾದ್ ಕೋಟೆಗೆ ಕರೆದೊಯ್ಯಿರಿ. ಎಂಟು ಮೂಲೆಗಳ ನಕ್ಷತ್ರದ ಆಕಾರದ ಆ ಕೋಟೆ ಕಟ್ಟಿದ್ದು 1792ರಲ್ಲಿ ಎಂಬ ಮಾತು ಆಗ ಅವರಿಗೆ ಬರಿಯ ಇಸವಿಯಾಗಿ ಉಳಿಯುವುದಿಲ್ಲ. ಮೂಲೆಗಳು ಹಾಗೆ ಚಾಚಿಕೊಂಡಿರುವುದೇಕೆ, ಗೋಡೆಯ ಬುಡಕ್ಕೆ ಬಂದ ಶತ್ರುವನ್ನು ಎರಡು ಕಡೆಯಿಂದ ಗುರಿಯಿಡಲು ಅದರಿಂದ ಹೇಗೆ ಸಾಧ್ಯವಾಗುತ್ತದೆ ಎಂಬುದನ್ನು ಅಲ್ಲಿ ನಿಂತೇ ತೋರಿಸಬಹುದು.

ಇನ್ನು ಆಡಳಿತದ ವಿಷಯ. ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ನನ್ನ ಸೇವೆಯ ಬಹುಕಾಲ ನಾನೂ ಇದನ್ನು ಬಿಡಿಬಿಡಿಯಾಗಿಯೇ ಕಲಿಸಿದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದ ಕಂಪನಿಯು ಸಹಾಯಕ ಸೈನ್ಯ ಪದ್ಧತಿಯ ಒಪ್ಪಂದ, ಅಂದರೆ ಸಂಸ್ಥಾನದ ಖರ್ಚಿನಲ್ಲಿ ಕಂಪನಿಯ ಸೈನ್ಯವಿರುವ ಒಪ್ಪಂದ, ಮಾಡಿಕೊಂಡಿತು. ಮೈಸೂರು ಸಂಸ್ಥಾನ ವರ್ಷಕ್ಕೆ 7 ಲಕ್ಷ ಪಗೋಡಗಳನ್ನು (ಅಂದಿನ ಚಿನ್ನದ ನಾಣ್ಯ) ಕೊಡಬೇಕು, ಆ ಹಣಕ್ಕೆ ತೊಂದರೆಯಾಗುವಂತಿದ್ದರೆ ಕಂಪನಿಯು ಆಡಳಿತವನ್ನೇ ತನ್ನ ಕೈಗೆ ತೆಗೆದುಕೊಳ್ಳಬಹುದು ಎಂಬ ಮಾತು ಅದರೊಳಗೇ ಇತ್ತು. 32 ವರ್ಷ ಕಾಗದದಲ್ಲಿ ಸುಮ್ಮನಿದ್ದ ಆ ಮಾತನ್ನು 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಹೊರತೆಗೆದು ಆಡಳಿತವನ್ನು ವಶಪಡಿಸಿಕೊಂಡನು. ಸಂಸ್ಥಾನ ಒಡೆಯರ ಮನೆತನಕ್ಕೆ ಮರಳಿದ್ದು ಐವತ್ತು ವರ್ಷಗಳ ಅನಂತರ, 1881ರಲ್ಲಿ. ಅದೇ ವರ್ಷ ಅಕ್ಟೋಬರ್‌ನಲ್ಲಿ ದಿವಾನ್ ರಂಗಾಚಾರ್ಲು ಅವರು 144 ಸದಸ್ಯರ ಪ್ರಜಾಪ್ರತಿನಿಧಿ ಸಭೆಯನ್ನು ಸೇರಿಸಿದರು. ಯುದ್ಧವು ಒಪ್ಪಂದವನ್ನು ತಂದಿತು, ಒಪ್ಪಂದದ ಒಂದು ಕಲಮು ಆಡಳಿತವನ್ನೇ ಬದಲಾಯಿಸಿತು, ಅರ್ಧ ಶತಮಾನ ಕಳೆದು ಮರಳಿ ಬಂದ ಆಡಳಿತವು ಪ್ರಜೆಗಳ ಮಾತು ಕೇಳುವ ಸಭೆಯೊಂದನ್ನು ಕಟ್ಟಿತು. ನಮ್ಮ ಪುಸ್ತಕಗಳಲ್ಲಿ ಇವು ಬೇರೆ ಬೇರೆ ಅಧ್ಯಾಯಗಳಲ್ಲಿ ಬರುವುದರಿಂದ ಮಕ್ಕಳಿಗೆ ಈ ಎಳೆ ಕಾಣಿಸುವುದೇ ಇಲ್ಲ. ಎರಡು ಅವಧಿ ಹೆಚ್ಚು ಹಿಡಿದರೂ ಚಿಂತೆಯಿಲ್ಲ, ಇದೊಂದು ಎಳೆಯನ್ನು ಹಿಡಿಸಿಬಿಡಿ.

ಉತ್ತರ 2: ಕಾಫಿ ಬೆಳೆಗಾರ, ಮೂಡಿಗೆರೆ

ಗುರುಗಳು ಬರೆದದ್ದು ಚೆನ್ನಾಗಿದೆ. ಆದರೂ ಆ ಸಭೆಯಲ್ಲಿ ಮಾತನಾಡಿದ ತಂದೆಯ ಪರವಾಗಿ ನಾನು ಎರಡು ಮಾತು ಹೇಳಬೇಕಾಗಿದೆ. ನನ್ನ ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಳೆ. ಯಾವ ಅರಸನು ಯಾರನ್ನು ಸೋಲಿಸಿದನು ಎಂಬುದನ್ನು ತಡವರಿಸದೆ ಹೇಳುತ್ತಾಳೆ. ದಂಡು ಹಾದುಹೋದ ಊರಿನಲ್ಲಿ ಆ ವರ್ಷ ಬೆಳೆ ಏನಾಯಿತು, ಆ 7 ಲಕ್ಷ ಪಗೋಡ ಯಾರ ಗದ್ದೆಯಿಂದ ಬಂತು ಎಂದು ಕೇಳಿದರೆ ಅವಳಿಗೂ ಗೊತ್ತಿಲ್ಲ, ಅವಳ ಪುಸ್ತಕಕ್ಕೂ ಗೊತ್ತಿಲ್ಲ. ಹೊಯ್ಸಳರ ಮೂಲಸ್ಥಳವೆಂದು ಹೇಳುವ ಅಂಗಡಿ ನಮ್ಮ ತಾಲ್ಲೂಕಿನಲ್ಲೇ ಇದೆ. ಅಲ್ಲಿಗೆ ಹೋದಾಗಲೂ ಮಕ್ಕಳಿಗೆ ನಾವು ಹೇಳುವುದು ಸಳನು ಹುಲಿಯನ್ನು ಹೊಡೆದ ಕಥೆಯೊಂದನ್ನೇ.

ಇದಕ್ಕಿಂತ ಹೆಚ್ಚಿನ ಕಳವಳ ಇನ್ನೊಂದಿದೆ. ಯುದ್ಧದ ಪಾಠ ಮುಗಿದ ದಿನ ಶಾಲೆಯ ಬಸ್ಸಿನಲ್ಲಿ ಮಕ್ಕಳು ಎರಡು ಪಕ್ಷಗಳಾಗಿ ಜಗಳವಾಡಿದ್ದನ್ನು ಮಗಳು ಬಂದು ಹೇಳಿದಳು. ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫರ್‌ನ ಹೆಸರನ್ನೂ ಟಿಪ್ಪುವಿನ ಹೆಸರನ್ನೂ ಹಿಡಿದು, ತಮ್ಮ ಜೊತೆಯಲ್ಲೇ ಕುಳಿತ ಹುಡುಗರನ್ನು ಹಂಗಿಸಿದರಂತೆ. ಏಳುನೂರು ವರ್ಷ ಹಿಂದಿನ ದಂಡಯಾತ್ರೆಯ ಲೆಕ್ಕವನ್ನು ಪಕ್ಕದ ಸೀಟಿನವನ ಮೇಲೆ ತೀರಿಸಹೊರಡುವ ಮನಸ್ಸನ್ನು ನಾವೇ ತಯಾರು ಮಾಡುತ್ತಿದ್ದೇವೆಯೇ ಎಂಬ ಭಯ ನನ್ನದು. ಹಾಗಾಗುವುದಾದರೆ ಯುದ್ಧದ ಪಾಠಗಳನ್ನು ಅರ್ಧಕ್ಕೆ ಇಳಿಸಿ, ಜಮೀನು, ತೆರಿಗೆ, ರಸ್ತೆ, ಸಂತೆ, ಕೂಲಿ ಇವುಗಳ ಇತಿಹಾಸ ಕಲಿಸುವುದೇ ಲೇಸು.

ಉತ್ತರ 3: ನಿವೃತ್ತ ಯೋಧ, ಅರಸೀಕೆರೆ

ನಾನು ಸೇನೆಯಲ್ಲಿ ಇಪ್ಪತ್ತೆರಡು ವರ್ಷ ಸೇವೆ ಮಾಡಿ ಊರಿಗೆ ಮರಳಿದವನು. ಬೆಳೆಗಾರರ ಕಳವಳ ನನಗೆ ಅರ್ಥವಾಗುತ್ತದೆ, ಆದರೆ ಅವರ ಪರಿಹಾರವನ್ನು ಒಪ್ಪಲಾರೆ. ಯುದ್ಧವನ್ನು ಕಲಿಸುವುದು ಕಡಿಮೆಯಾದರೆ ಯುದ್ಧದ ಬಗೆಗಿನ ಮಾತು ಕಡಿಮೆಯಾಗುವುದಿಲ್ಲ. ಮಕ್ಕಳು ಅದನ್ನು ಮೊಬೈಲಿನಿಂದ ಕಲಿಯುತ್ತಾರೆ, ಅಲ್ಲಿ ಸಾವಿನ ಲೆಕ್ಕವನ್ನು ಯಾರೂ ಹೇಳುವುದಿಲ್ಲ.

ಯುದ್ಧದ ಚರಿತ್ರೆ ಅರಸರದ್ದು ಮಾತ್ರ ಎಂಬುದನ್ನು ನಮ್ಮ ಜಿಲ್ಲೆಯ ಕಲ್ಲುಗಳೇ ಅಲ್ಲಗಳೆಯುತ್ತವೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ, ಕ್ರಿ.ಶ. ಸುಮಾರು 450ರ ಶಾಸನವನ್ನು ಕನ್ನಡದ ಮೊದಲ ಶಾಸನವೆಂದು ನಾವು ಹೆಮ್ಮೆಯಿಂದ ಹೇಳುತ್ತೇವೆ. ಅದರಲ್ಲಿ ಇರುವ ವಿಷಯ ಏನೆಂದು ಎಷ್ಟು ಮಕ್ಕಳಿಗೆ ಹೇಳಿದ್ದೇವೆ? ಕೇಕಯ ಪಲ್ಲವರೊಡನೆ ನಡೆದ ಕಾಳಗದಲ್ಲಿ ಹೋರಾಡಿ ಗೆದ್ದ ವಿಜಅರಸನಿಗೆ ಪಲ್ಮಿಡಿ ಮತ್ತು ಮೂೞುವಳ್ಳಿ ಎಂಬ ಎರಡು ಹಳ್ಳಿಗಳನ್ನು "ಬಾಳ್ಗಳ್ಚು" ಎಂದು ಕೊಟ್ಟ ದಾಖಲೆ ಅದು. ಬಾಳ್ ಎಂದರೆ ಕತ್ತಿ, ಕಳ್ಚು ಎಂದರೆ ತೊಳೆಯುವುದು. ಯುದ್ಧ ಮುಗಿಸಿ ಬಂದವನ ಕತ್ತಿ ತೊಳೆದು ಕೊಟ್ಟ ಉಂಬಳಿ. ಕೊಟ್ಟದ್ದನ್ನು ಅಳಿಸಿದವನಿಗೆ ಮಹಾಪಾತಕ ಎಂಬ ಎಚ್ಚರಿಕೆಯೂ ಅದೇ ಕಲ್ಲಿನ ಮೇಲಿದೆ. ಯುದ್ಧವೂ ಆಡಳಿತವೂ ಸೇರಿ ಕನ್ನಡದ ಅಷ್ಟು ಹಳೆಯ ಬರಹವಾಗಿವೆ.

ಊರೂರಿನ ವೀರಗಲ್ಲುಗಳನ್ನು ನೋಡಿ. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವಿನದರಲ್ಲಿ ಸತ್ತವನನ್ನು ಅಪ್ಸರೆಯರು ಕರೆದೊಯ್ಯುವುದು, ಮೇಲಿನದರಲ್ಲಿ ಶಿವಸನ್ನಿಧಿ. ತುರುಗೋಳಿನಲ್ಲಿ ದನಗಳನ್ನು ಬಿಡಿಸಲು ಹೋಗಿ ಸತ್ತವರು, ಊರಳಿವಿನಲ್ಲಿ ಊರನ್ನು ಕಾಯುತ್ತಾ ಮಡಿದವರು, ಪೆಣ್ಬುಯ್ಯಲಿನಲ್ಲಿ ಹೆಂಗಸರ ಮಾನ ಉಳಿಸಲು ಹೋರಾಡಿದವರು, ಇವರೆಲ್ಲ ಬಹುಪಾಲು ನಮ್ಮಂಥ ಮನೆಗಳವರೇ. ಅವರ ಕುಟುಂಬಕ್ಕೆ ಬಿಟ್ಟುಕೊಟ್ಟ ಜಮೀನಿಗೆ ನೆತ್ತರುಗೊಡಗೆ ಎಂಬ ಹೆಸರಿತ್ತು. ನನ್ನ ಜೊತೆಗಾರನೊಬ್ಬನ ಪತ್ನಿಗೆ ಪಿಂಚಣಿಯ ಕಾಗದ ಬಂದ ದಿನ ನಾನು ಅವರ ಮನೆಯಲ್ಲಿದ್ದೆ. ಅಂದಿನಿಂದ ಆ ಪದವನ್ನು ಎಲ್ಲಿ ಕಂಡರೂ ನಾನು ತಡೆದು ನಿಲ್ಲುತ್ತೇನೆ.

ಸೈನಿಕನಾಗಿ ಇನ್ನೊಂದು ಮಾತು. 1965ರಲ್ಲಿ ಪಾಕಿಸ್ತಾನದೊಡನೆ ನಡೆದ ಯುದ್ಧದಲ್ಲಿ ನಮ್ಮವರು ಪ್ರಾಣ ತೆತ್ತು ಹಿಡಿದ ಹಾಜಿ ಪೀರ್ ಕಣಿವೆಯನ್ನು 1966ರ ಜನವರಿಯ ತಾಷ್ಕೆಂಟ್ ಒಪ್ಪಂದದಂತೆ ಹಿಂದಿರುಗಿಸಲಾಯಿತು. 1971ರ ಯುದ್ಧ ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಮುಗಿಯಿತೆಂದು ಮಕ್ಕಳು ಬರೆಯುತ್ತಾರೆ. ಆದರೆ ಪಾಕಿಸ್ತಾನದ ಸುಮಾರು 93,000 ಸೆರೆಯಾಳುಗಳ ವಿಷಯ 1972ರ ಶಿಮ್ಲಾ ಒಪ್ಪಂದವನ್ನೂ ದಾಟಿ, ಅವರೆಲ್ಲ ಮರಳುವ ಹೊತ್ತಿಗೆ 1974 ಬಂದಿತ್ತು. ರಣರಂಗದಲ್ಲಿ ಗೆದ್ದದ್ದರಲ್ಲಿ ಎಷ್ಟನ್ನು ಉಳಿಸಿಕೊಳ್ಳಬೇಕು, ಎಷ್ಟನ್ನು ಬಿಡಬೇಕು ಎಂಬ ತೀರ್ಮಾನ ಸೈನಿಕನದ್ದಲ್ಲ. ಅದನ್ನು ಮಾಡುವವರನ್ನು ಆರಿಸುವವರು ನಾಳೆ ಇದೇ ಮಕ್ಕಳು. ಆದ್ದರಿಂದ ಅವರಿಗೆ ಇದು ಗೊತ್ತಿರಲೇಬೇಕು.

ಉತ್ತರ 4: ಇತಿಹಾಸ ಉಪನ್ಯಾಸಕಿ, ಹಾಸನ

ಬೆಳೆಗಾರರು ಹೇಳಿದ ಬಸ್ಸಿನ ಜಗಳ ನನ್ನ ತರಗತಿಯಲ್ಲೂ ನಡೆದಿದೆ. ಅದಕ್ಕೆ ನಾನು ಕಂಡುಕೊಂಡ ದಾರಿಯೆಂದರೆ ಫಲಿತಾಂಶವನ್ನು ಮುಚ್ಚಿಟ್ಟು, ನಿರ್ಧಾರವನ್ನು ಮಕ್ಕಳ ಕೈಗೆ ಕೊಡುವುದು. ಹೊಯ್ಸಳರ ರಾಜಧಾನಿಯಾಗಿದ್ದ ದೋರಸಮುದ್ರವನ್ನೇ, ಅಂದರೆ ಇಂದಿನ ಹಳೇಬೀಡನ್ನೇ, 1311ರಲ್ಲಿ ಇದ್ದಂತೆ ತೆಗೆದುಕೊಳ್ಳಿ. ಪಾಂಡ್ಯ ಸೋದರರ ನಡುವೆ ಸಿಂಹಾಸನಕ್ಕಾಗಿ ಕಲಹವೆದ್ದಿದೆ, ಅದರ ಲಾಭ ಪಡೆಯಲು ಹೊಯ್ಸಳ ಅರಸ ಮುಮ್ಮಡಿ ವೀರಬಲ್ಲಾಳನು ಸೈನ್ಯದೊಡನೆ ದಕ್ಷಿಣಕ್ಕೆ ಹೋಗಿದ್ದಾನೆ, ಅಷ್ಟರಲ್ಲಿ ಮಲಿಕ್ ಕಾಫರ್ ರಾಜಧಾನಿಯ ಕಡೆ ಬರುತ್ತಿರುವ ಸುದ್ದಿ ತಲುಪುತ್ತದೆ. ಇಷ್ಟನ್ನೇ ಹೇಳಿ, ನಕಾಶೆಯನ್ನು ಮುಂದಿಟ್ಟು, ತರಗತಿಯನ್ನು ಅರಸನ ಮಂತ್ರಾಲೋಚನೆಯ ಸಭೆಯಾಗಿ ಮಾಡುತ್ತೇನೆ. ಕೋಟೆಯೊಳಗೆ ಕುಳಿತು ಕಾದಾಡಬೇಕೇ, ಸಂಧಿ ಕೇಳಬೇಕೇ, ಕೇಳುವುದಾದರೆ ಏನನ್ನು ಕೊಡಬೇಕು, ಏನನ್ನು ಕೊಡಬಾರದು?

ವಾದ ಮುಗಿದ ಮೇಲೆ ನಡೆದದ್ದನ್ನು ಹೇಳುತ್ತೇನೆ. ಬಲ್ಲಾಳನು ಧನವನ್ನೂ ಆನೆ ಕುದುರೆಗಳನ್ನೂ ಕೊಟ್ಟು ಸಂಧಿ ಮಾಡಿಕೊಂಡನು, ಮುಂದೆ ಪಾಂಡ್ಯರ ನಾಡಿಗೆ ಹೊರಟ ದೆಹಲಿಯ ಸೈನ್ಯಕ್ಕೆ ನೆರವನ್ನೂ ಕೊಡಬೇಕಾಯಿತು. ದೋರಸಮುದ್ರದತ್ತ ಬರುವಾಗ ಅದೇ ಸೈನ್ಯಕ್ಕೆ ನೆರವಾದವನು ದೇವಗಿರಿಯ ಯಾದವ ಅರಸ ರಾಮಚಂದ್ರ. ಇದನ್ನು ಕೇಳಿದಾಗ ಮಕ್ಕಳು ಕಟ್ಟಿಕೊಂಡ ಎರಡು ಪಕ್ಷಗಳು ತಾವಾಗಿಯೇ ಕಲಸಿಹೋಗುತ್ತವೆ. ಯಾದವರಿಗೆ ಹೊಯ್ಸಳರು ಹಳೆಯ ವೈರಿಗಳು, ಹೊಯ್ಸಳರಿಗೆ ಪಾಂಡ್ಯರು ವೈರಿಗಳು. ಪ್ರತಿಯೊಬ್ಬರೂ ತಮ್ಮ ರಾಜ್ಯದ ಲೆಕ್ಕ ಹಾಕಿದರೇ ಹೊರತು ಈಗಿನವರ ಜಗಳದ ಲೆಕ್ಕವನ್ನಲ್ಲ. ದಾಳಿಯ ಕ್ರೌರ್ಯವನ್ನು ನಾನು ಮರೆಮಾಚುವುದಿಲ್ಲ. ಹಳೇಬೀಡಿನ ಪಾಳುಬಿದ್ದ ನೆಲ ಮಕ್ಕಳ ಕಣ್ಣೆದುರಿಗೇ ಇದೆ, ದೆಹಲಿಯ ಸೈನ್ಯದ 1327ರ ದಾಳಿಯನ್ನೂ ಹೇಳುತ್ತೇನೆ. ಆದರೆ ಒಮ್ಮೆ ಅರಸನ ಸ್ಥಾನದಲ್ಲಿ ಕುಳಿತು ಆಯ್ಕೆಗಳನ್ನು ತೂಗಿ ನೋಡಿದ ಹುಡುಗ ಆಮೇಲೆ ಸುಲಭವಾಗಿ ಘೋಷಣೆ ಕೂಗುವುದಿಲ್ಲ ಎಂಬುದು ನನ್ನ ಅನುಭವ.

ಅದೇ ಬಲ್ಲಾಳನು ಎಂಬತ್ತರ ವಯಸ್ಸಿನಲ್ಲಿ ಮಧುರೆಯ ಸುಲ್ತಾನನ ಮೇಲೆ ಯುದ್ಧಕ್ಕೆ ಹೋಗಿ ಕಣ್ಣಾನೂರಿನ ಕೋಟೆಗೆ ಮುತ್ತಿಗೆ ಹಾಕಿದ್ದನ್ನೂ ಹೇಳಬಹುದು. ಒಳಗಿದ್ದವರಿಗೆ ತಮ್ಮ ಸುಲ್ತಾನನನ್ನು ಕೇಳಿಕೊಂಡು ಬರಲು ಅವನು ಕದನವಿರಾಮ ಕೊಟ್ಟನು, ಆ ವಿರಾಮದಲ್ಲೇ ಅನಿರೀಕ್ಷಿತ ದಾಳಿ ನಡೆದು ಸೆರೆಸಿಕ್ಕು ಕೊಲೆಯಾದನು ಎಂದು ಆ ಕಾಲದ ಪ್ರವಾಸಿ ಇಬ್ನ್ ಬತೂತ ಬರೆದಿದ್ದಾನೆ. ಮಾತಿಗೆ ಜಾಮೀನು ಬೇಕೆಂದು ಹಿರಿಯರು ಮೇಲೆ ಹೇಳಿದ್ದಕ್ಕೆ ಇದು ಇನ್ನೊಂದು ಉದಾಹರಣೆ.

ಈ ಕಾಲದ ರಾಜತಂತ್ರಕ್ಕೂ ನಮ್ಮ ಜಿಲ್ಲೆಯಿಂದ ದೂರ ಹೋಗಬೇಕಾಗಿಲ್ಲ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ, 1996ರ ಡಿಸೆಂಬರ್ 12ರಂದು, ಬಾಂಗ್ಲಾದೇಶದ ಆಗಿನ ಪ್ರಧಾನಿ ಶೇಖ್ ಹಸೀನಾ ಅವರೊಡನೆ ಗಂಗಾ ನೀರಿನ ಒಪ್ಪಂದಕ್ಕೆ ಸಹಿ ಹಾಕಿದರು. ಬೇಸಿಗೆಯ ತಿಂಗಳುಗಳಲ್ಲಿ ಗಂಗೆಗೆ ಕಟ್ಟಿದ ಫರಕ್ಕಾ ಅಣೆಕಟ್ಟೆಯಲ್ಲಿ ಹರಿವು 70,000 ಕ್ಯುಸೆಕ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಸಮಪಾಲು, 75,000 ದಾಟಿದರೆ ಭಾರತಕ್ಕೆ 40,000, ಉಳಿದದ್ದು ಬಾಂಗ್ಲಾದೇಶಕ್ಕೆ. ಒಪ್ಪಂದದ ಅವಧಿ 30 ವರ್ಷ. ಹಂಚಿಕೆಯ ಈ ಲೆಕ್ಕವನ್ನು ಹತ್ತನೆಯ ತರಗತಿಯ ಮಕ್ಕಳು ಹಲಗೆಯ ಮೇಲೆ ಮಾಡಬಲ್ಲರು. ಇದರ ಪಕ್ಕದಲ್ಲೇ ಕಾವೇರಿ ನೀರಿಗಾಗಿ ಮೈಸೂರು ಮತ್ತು ಮದ್ರಾಸುಗಳ ನಡುವೆ ಆದ 1892 ಮತ್ತು 1924ರ ಒಪ್ಪಂದಗಳನ್ನು ಇಡಿ. ಮೂಡಿಗೆರೆ ಸೀಮೆಯಲ್ಲಿ ಹುಟ್ಟಿ ಕಾವೇರಿಯನ್ನು ಸೇರುವ ಹೇಮಾವತಿಗೆ ಗೊರೂರಿನಲ್ಲಿ ಕಟ್ಟಿದ ಅಣೆಕಟ್ಟೆಯ ನೀರೂ ಕಾವೇರಿ ವಿವಾದದ ಒಳಗೇ ಇದೆ. ಅದಕ್ಕೆ 1990ರಲ್ಲಿ ನ್ಯಾಯಮಂಡಳಿ ಬಂತು, 2007ರಲ್ಲಿ ತೀರ್ಪು ಬಂತು, 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 284.75 ಟಿಎಂಸಿಗೆ ನಿಗದಿ ಮಾಡಿತು. 1792ರಲ್ಲಿ ಇಲ್ಲದಿದ್ದ ಆ ಮೂರನೆಯವನು ಇಲ್ಲಿ ಇದ್ದಾನೆ. ಸಂವಿಧಾನ ಕಲಿಸಿರೆಂದು ಕೇಳಿದ ತಂದೆಗೆ ಕೊಡಬೇಕಾದ ಉತ್ತರ ಇಲ್ಲಿದೆ ಎಂದು ನನಗನ್ನಿಸುತ್ತದೆ.

ಉತ್ತರ 5: ನಿವೃತ್ತ ಮುಖ್ಯೋಪಾಧ್ಯಾಯ, ಚಿಕ್ಕಮಗಳೂರು

ಬೆಳೆಗಾರರ ಒಂದು ಪ್ರಶ್ನೆ ಉಳಿದುಹೋಯಿತು: ಆ 7 ಲಕ್ಷ ಯಾರ ಗದ್ದೆಯಿಂದ ಬಂತು? ತಾಲ್ಲೂಕಿನ ಕಂದಾಯ ಅಧಿಕಾರಿಯಾದ ಅಮಲ್ದಾರನು ಇಷ್ಟು ಕಂದಾಯ ತಂದೇ ತರುತ್ತೇನೆಂದು ಸರ್ಕಾರಕ್ಕೆ ಮೊದಲೇ ಕರಾರು ಮಾಡಿಕೊಳ್ಳುವ ಶರ್ತು ಎಂಬ ಪದ್ಧತಿ ಆಗ ಇತ್ತು. ಒಪ್ಪಿಕೊಂಡ ಮೊತ್ತವನ್ನು ತುಂಬಲು ಅವನು ರೈತನನ್ನು ಹಿಂಡಿದನು. ರೈತರು ಕೂಟಗಳನ್ನು ಕಟ್ಟಿಕೊಂಡು ಕಂದಾಯ ನಿಲ್ಲಿಸಿದರು. ಮಲೆನಾಡಿನ ನಗರ ಎಂಬ ಸೀಮೆಯಲ್ಲಿ 1830–31ರಲ್ಲಿ ನಡೆದ ದಂಗೆ ಅದರಿಂದ ಹುಟ್ಟಿತು, ನಮ್ಮ ತರೀಕೆರೆಯ ಪಾಳೆಯಗಾರ ಮನೆತನದವರೂ ಅದರಲ್ಲಿ ಸೇರಿದರು. ಬೆಂಟಿಂಕ್ ಆಡಳಿತವನ್ನು ವಶಪಡಿಸಿಕೊಳ್ಳಲು ಆ ದಂಗೆಯೇ ಸಂದರ್ಭವಾಯಿತು. ನಾನು ಮೊದಲ ಉತ್ತರದಲ್ಲಿ 1799ರಿಂದ 1831ಕ್ಕೆ ನೇರವಾಗಿ ದಾಟಿದ್ದು ತಪ್ಪಾಯಿತು. ನಡುವೆ ಇದ್ದದ್ದು ರೈತನೇ. ಸೂಚಿಸಿದ್ದಕ್ಕೆ ಅವರಿಗೆ ಕೃತಜ್ಞತೆಗಳು.

ಪ್ರಶ್ನೆ ಕೇಳಿದ ಶಿಕ್ಷಕಿ, ಸಕಲೇಶಪುರ

ಎಲ್ಲರಿಗೂ ವಂದನೆಗಳು. ನಿನ್ನೆಯ ಅವಧಿಯಲ್ಲಿ 1792ರ ಒಪ್ಪಂದವನ್ನು ಮತ್ತೆ ತೆಗೆದುಕೊಂಡೆ. ಪ್ರಶ್ನೆ ಕೇಳಿದ್ದ ಹುಡುಗಿಗೆ ತರಗತಿಯ ಎದುರಿನಲ್ಲೇ, ಅಂದು ನಾನು ಸರಿಯಾದ ಉತ್ತರ ಕೊಟ್ಟಿರಲಿಲ್ಲ ಎಂದು ಹೇಳಿ, ಜಾಮೀನಿನ ವಿಷಯವನ್ನು ವಿವರಿಸಿದೆ. ಮಹಿಳಾ ಸಂಘದ ಸಾಲಕ್ಕೆ ತನ್ನ ತಾಯಿ ಬೇರೆಯವರ ಪರವಾಗಿ ಸಹಿ ಹಾಕಿದ್ದನ್ನು ಒಬ್ಬ ಹುಡುಗ ನೆನಪಿಸಿಕೊಂಡನು. ಅಲ್ಲಿಂದ ಮುಂದೆ ಪಾಠವನ್ನು ಮಕ್ಕಳೇ ನಡೆಸಿದರು. ಬಲ್ಲಾಳನ ಸಭೆಯನ್ನು ಅವಧಿಯ ಕೊನೆಯಲ್ಲಿ ಆರಂಭಿಸಿದ್ದರಿಂದ ಅದು ಅರ್ಧಕ್ಕೇ ನಿಂತಿದೆ. ಸಂಧಿಯೇ ಬೇಡವೆಂದವರು ಹದಿನಾಲ್ಕು, ಬೇಕೆಂದವರು ಹನ್ನೊಂದು, ರಾಜಧಾನಿಯಲ್ಲಿರುವ ಜನರನ್ನು ಮೊದಲು ಹೊರಗೆ ಕಳುಹಿಸಿ ಆಮೇಲೆ ಯೋಚಿಸೋಣ ಎಂದವರು ಮೂವರು. ಆ ಮೂವರ ಮಾತು ನನ್ನ ಟಿಪ್ಪಣಿಯಲ್ಲಿ ಇರಲೇ ಇಲ್ಲ.

ಮುಂದಿನ ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಮಂಜರಾಬಾದ್ ಕೋಟೆಗೆ ಹೋಗುತ್ತಿದ್ದೇವೆ, ಮಳೆ ಬಿಡುವು ಕೊಟ್ಟರೆ ಅದರ ಮುಂದಿನ ವಾರ ಹಲ್ಮಿಡಿಗೆ. ಅಲ್ಲಿ ಈಗ ಇರುವುದು ಶಾಸನದ ಪ್ರತಿಕೃತಿಯಾದರೂ ಅಕ್ಷರಗಳನ್ನು ಬೆರಳಿಟ್ಟು ತೋರಿಸಬಹುದು. ಅರಸೀಕೆರೆಯ ಯೋಧರು ಅಂದು ಬಿಡುವಾಗಿದ್ದರೆ ದಯಮಾಡಿ ಬಂದು, ಬಾಳ್ಗಳ್ಚು ಎಂಬ ಪದವನ್ನು ಮಕ್ಕಳಿಗೆ ತಾವೇ ಓದಿ ಹೇಳಬೇಕೆಂದು ಕೋರುತ್ತೇನೆ.